ಮೂರನೇ ನೀರು

ಆಗೆಲ್ಲ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಅಮ್ಮ ಕಾಫಿ ಫಿಲ್ಟರಿನ ಪಕ್ಕೆಗೆ ಅಂಗೈಯಿಂದ ಟಪ್ ಟಪ್ ಎಂದು ತಟ್ಟುವ ಸದ್ದಿಗೆ. ತಟ್ಟಿದರೆ ಪುಡಿ ಸಮನಾಗಿ ಕೂರುತ್ತದೆ ಎನ್ನುವುದು ಅವಳ ನಂಬಿಕೆ. ಹೊರಗೆ ನ್ಯೂಜೆರ್ಸಿಯ ಚಳಿ, ಕಿಟಕಿ ಗಾಜಿನ ಮೂಲೆಗಳಲ್ಲಿ ಹೆಪ್ಪುಗಟ್ಟಿದ ಮಂಜು. ಒಳಗೆ ಹೀಟರಿನ ಒಣ ಗಾಳಿ, ಅದರ ಜೊತೆ ಚಿಕೋರಿ ಬೆರೆತ ಡಿಕಾಕ್ಷನ್ನಿನ ವಾಸನೆ. ಅದು ನನ್ನ ಸ್ವೆಟರಿಗೆ ಹತ್ತಿ ಸ್ಕೂಲಿನವರೆಗೂ ಬರುತ್ತಿತ್ತು. ನಿಮ್ಮಲ್ಲೂ ಅನೇಕರು ಇಂಥ ಒಂದು ಸ್ಟೀಲ್ ಫಿಲ್ಟರಿನ ಸುತ್ತ ಬೆಳೆದವರಿರುತ್ತೀರಿ. ಮೇಲೊಂದು ತೂತಿನ ಪಾತ್ರೆ, ಕೆಳಗೊಂದು ಪಾತ್ರೆ, ಪುಡಿಯ ಮೇಲೆ ಕೂರಿಸಲು ಕೊಡೆಯಂತೆ ಕಡ್ಡಿಯಿರುವ ಬಿಲ್ಲೆ, ಮುಚ್ಚಳ. ನಮ್ಮದು ಅಮ್ಮನ ಮದುವೆಯಲ್ಲಿ ಬಂದದ್ದು. ಹೊಟ್ಟೆಯಲ್ಲಿ ನನ್ನ ಕಾಲುಚೀಲಗಳನ್ನು ತುಂಬಿಸಿಕೊಂಡು, ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ಬಂದಿತ್ತು.

ಇದು 2008ರ ಚಳಿಗಾಲದ ಮಾತು. ನನಗೆ ಹನ್ನೊಂದು ವರ್ಷ. ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವ ಚಟ ಆಗಲೇ ಅಂಟಿತ್ತು. ಮೊದಲ ಹಿಮ ಬಿದ್ದ ದಿನ, ಸ್ಕೂಲ್ ಬಸ್ಸು ತಡವಾದ ದಿನ, ಯಾರ ಮನೆಯ ಹುಟ್ಟುಹಬ್ಬಕ್ಕೆ ಯಾವ ಪಾಯಸ. "ನಿನ್ನ ಮಗಳು ಆಡಿಟರ್ ಆಗ್ತಾಳೆ ಕಣೆ" ಎಂದು ಅಪ್ಪ ಅಮ್ಮನನ್ನು ರೇಗಿಸುತ್ತಿದ್ದರು.

ಅಪ್ಪ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದರು. ಆ ಅಕ್ಟೋಬರಿನ ಒಂದು ಗುರುವಾರ ಮಧ್ಯಾಹ್ನದ ಟ್ರೇನಿಗೇ ಮನೆಗೆ ಬಂದುಬಿಟ್ಟರು. ಅವರ ವಿಭಾಗವನ್ನೇ ಮುಚ್ಚಿದ್ದರು. ಅದರ ಹಿಂದಿನ ವರ್ಷ ಗ್ರೀನ್ ಕಾರ್ಡ್ ಬಂದಿದ್ದರಿಂದ ಗಂಟುಮೂಟೆ ಕಟ್ಟಿ ಊರಿಗೆ ಓಡುವ ಗತಿ ಬರಲಿಲ್ಲ. ಆದರೆ ಡಿಸೆಂಬರಿನಲ್ಲಿ ಮೈಸೂರಿಗೆ ಹೋಗುವುದೆಂದು ಮಾಡಿದ್ದ ಟಿಕೆಟ್ ಅದೇ ವಾರ ರದ್ದಾಯಿತು.

ಅಂದು ಊಟಕ್ಕೆ ಕೂತಾಗ ಅಮ್ಮ ಒಂದೇ ಮಾತು ಹೇಳಿದಳು.

"ಇದು ಮನೆಯಿಂದಾಚೆ ಹೋಗೋದು ಬೇಡ. ವರ್ಕ್ ಫ್ರಮ್ ಹೋಮ್ ಅಂತ ಹೇಳೋಣ. ಜನ ಬೈದ್ರೆ ಬೈಲಿ, ಹೊಟ್ಟೆಕಿಚ್ಚು ಪಟ್ರೆ ಪಡ್ಲಿ. ಅಯ್ಯೋ ಪಾಪ ಅಂತ ಅನ್ನಿಸ್ಕೊಳ್ಳೋದು ಮಾತ್ರ ನನ್ನ ಕೈಲಾಗಲ್ಲ."

ನನ್ನ ಕಡೆ ತಿರುಗಿ, "ಅನೂ, ಅರ್ಥ ಆಯ್ತಾ?" ಎಂದಳು.

"ಯೆಸ್. ಡ್ಯಾಡಿ ಇಸ್ ವರ್ಕಿಂಗ್ ಫ್ರಮ್ ಹೋಮ್," ಎಂದೆ.

ಆವತ್ತಿನಿಂದ ಶನಿವಾರಗಳಂದು ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋಗುವುದನ್ನೂ ನಿಲ್ಲಿಸಿದೆವು. ಅಲ್ಲಿ ಪ್ರಸಾದದ ಸಾಲಿನಲ್ಲಿ ನಿಂತ ಅಂಕಲ್‌ಗಳೆಲ್ಲ ಆ ವರ್ಷ ಒಬ್ಬರನ್ನೊಬ್ಬರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿಮ್ಮ ಕಡೆ ಹೇಗಿದೆ, ಸೇಫಾ?

ಆದರೆ ಒಬ್ಬರನ್ನು ತಪ್ಪಿಸುವುದು ಸಾಧ್ಯವಿರಲಿಲ್ಲ, ಅಮ್ಮನಿಗೆ ಇಷ್ಟವೂ ಇರಲಿಲ್ಲ. ಎದುರಿನ ಬಿಲ್ಡಿಂಗಿನ ಜಯಂತಿ ಆಂಟಿ ಧಾರವಾಡದವರು. ಅವರ ಗಂಡ ಕೆಲಸದ ಮೇಲೆ ವಾರವಾರವೂ ಒಹಾಯೋಗೆ ಹೋಗುವವರು. ಮಕ್ಕಳು ದೂರದ ಕಾಲೇಜಿನಲ್ಲಿ. ಅಮ್ಮನಿಗೆ ಆಗ ಕಾರು ಬರುತ್ತಿರಲಿಲ್ಲ. ಕಾರಿಲ್ಲದೆ ಹಾಲೂ ಸಿಗದ ಊರಿನಲ್ಲಿ, ಚಪ್ಪಲಿ ಮೆಟ್ಟಿ ನಡೆದುಹೋಗುವಷ್ಟು ದೂರದಲ್ಲಿ ಅಮ್ಮನಿಗಿದ್ದ ಗೆಳತಿ ಅವರೊಬ್ಬರೇ.

ಆಂಟಿ ಹುಟ್ಟಾ ಚಹಾದವರು. ಮೊದಲ ಸಲ ಬಂದಾಗ, "ಕಾಫಿ ಬ್ಯಾಡ್ರಿ, ನನಗ ಅದು ಔಷಧ ಇದ್ಧಂಗ. ಒಂದ್ ಗುಟುಕು ಚಹಾ ಇದ್ರ ಕೊಡ್ರಿ" ಎಂದಿದ್ದರಂತೆ. ಅಮ್ಮ ಹಟ ಬಿಡದೆ ಅರ್ಧ ಲೋಟ ಕಾಫಿ ಬೆರೆಸಿ ಕೈಗಿತ್ತಳು. ಆಂಟಿ ಮೂಗು ಮುರಿಯುತ್ತಲೇ ಕುಡಿದರು, ಮುಂದಿನ ವಾರ ತಾವಾಗಿ ಕೇಳಿ ಕುಡಿದರು, ಆಮೇಲೆ ಪ್ರತಿ ಶನಿವಾರ ಸಂಜೆ ಬಾಗಿಲು ಬಡಿದು ಹೊರಗಿನಿಂದಲೇ ಕೂಗತೊಡಗಿದರು:

"ಡಿಕಾಕ್ಷನ್ ಅದ ಏನ್ರಿ, ಶೈಲಾ?"

ಆ ಕೂಗಿಗೆ ಅಮ್ಮನ ಮುಖ ಅರಳುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ನಿಮಗೆ ಅಂತಲೇ ಎತ್ತಿಟ್ಟಿದೀನಿ, ಬನ್ನಿ" ಎನ್ನುವಳು. ನಿಜವಾಗಿಯೂ ಎತ್ತಿಟ್ಟಿರುತ್ತಿದ್ದಳು. ಅಮ್ಮನ ತವರಿನಲ್ಲಿ ಅದೊಂದು ಕಟ್ಟುನಿಟ್ಟು. ಪುಡಿಗೆ ಮೊದಲ ಸಲ ನೀರು ಹಾಕಿದಾಗ ಇಳಿಯುವ ಗಟ್ಟಿ ಡಿಕಾಕ್ಷನ್ ಬಂದವರಿಗೆ. ಅದೇ ಪುಡಿಗೆ ಮತ್ತೆ ನೀರು ಹಾಕಿದ ಎರಡನೆಯದು ಮನೆಯವರಿಗೆ. ಬಂದವರಿಗೆ ಎರಡನೆಯದನ್ನು ಕೊಡುವುದೆಂದರೆ ಎದ್ದು ಹೋಗಿ ಎಂದ ಹಾಗೆ.

ಮನೆಯಲ್ಲಿ ಕೂತ ಅಪ್ಪನಿಗೆ ಬೆಳಿಗ್ಗೆ ಅರ್ಜಿಗಳನ್ನು ಕಳಿಸಿಯಾದ ಮೇಲೆ ಮಾಡಲು ಏನೂ ಇರಲಿಲ್ಲ. ಮ್ಯಾನ್‌ಹಟನ್ನಿನಲ್ಲಿ ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವಾಗ ದಿನಾ ಒಂದು ಕಾಗದದ ಕಪ್ಪಿನಲ್ಲಿ ಕಾಫಿ ಕೊಂಡು ಕುಡಿಯುವುದು ಅವರ ಅಭ್ಯಾಸವಾಗಿತ್ತು. ಅದು ತಪ್ಪಿದ ಮೇಲೆ, ನವೆಂಬರಿನ ಒಂದು ಭಾನುವಾರ, ಅಮ್ಮ ಕೊಟ್ಟ ಲೋಟವನ್ನು ಹಿಡಿದುಕೊಂಡೇ ಘೋಷಿಸಿದರು: "ಅನೂ, ನಾವಿಬ್ರೂ ಸೇರಿ ಕಂಡುಹಿಡಿಯೋಣ. ಮಷೀನ್ ಗಿಷೀನ್ ಏನೂ ಬೇಡ. ಈ ಫಿಲ್ಟರ್ ಒಂದೇ ಇಟ್ಕೊಂಡು, ಇಡೀ ನ್ಯೂಜೆರ್ಸೀಲಿ ಯಾರ ಮನೇಲೂ ಇಲ್ದಂಥ ಕಾಫಿ ಮಾಡೋಣ."

ನನಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಇರಲಿಲ್ಲ. ಅಪ್ಪ ಪ್ರಯೋಗ ಮಾಡುವವರು, ನಾನು ಗಡಿಯಾರ ನೋಡಿ ಬರೆಯುವವಳು. ಕುದಿಯುವ ನೀರು, ಕುದಿ ನಿಂತ ನೀರು. ಪುಡಿಯನ್ನು ಒತ್ತಿದ್ದು, ಒತ್ತದೆ ಬಿಟ್ಟದ್ದು. ಫಿಲ್ಟರ್ ತಣ್ಣಗಿದ್ದಾಗ, ಬಿಸಿ ಮಾಡಿಕೊಂಡಾಗ. ಪ್ರತಿ ಸಲವೂ ಹತ್ತಕ್ಕೆ ಎಷ್ಟು ಅಂಕ ಎಂದು ಅಪ್ಪ ಕಣ್ಣು ಮುಚ್ಚಿ ಹೇಳುವರು, ನಾನು ಬರೆದುಕೊಳ್ಳುವೆ.

"ನೋಡು ಪುಟ್ಟಿ, ಒಂದು ಸಲಕ್ಕೆ ಒಂದೇ ಒಂದು ಚೇಂಜ್ ಮಾಡ್ಬೇಕು. ಇಲ್ದಿದ್ರೆ ಯಾವುದರಿಂದ ರುಚಿ ಬಂತು ಅಂತ ಗೊತ್ತಾಗಲ್ಲ."

"ಬಟ್ ಅಪ್ಪ, ಯು ಚೇಂಜ್ಡ್ ದ ಹಾಲು ಆಲ್ಸೋ."

"ಹೌದಲ್ವಾ? ಹಾಗಾದ್ರೆ ಇದು ಕ್ಯಾನ್ಸಲ್!"

ಕ್ಯಾನ್ಸಲ್ ಎಂದರೆ ಸಿಂಕಿಗೆ. ಕಂದು ಬಣ್ಣದ ಡಿಕಾಕ್ಷನ್ ಬಿಳಿಯ ಸಿಂಕಿನಲ್ಲಿ ಸುತ್ತಿ ಇಳಿದುಹೋಗುವುದನ್ನು ಅಮ್ಮ ಒಲೆಯ ಪಕ್ಕ ನಿಂತು ನೋಡುವಳು. ಫ್ರೀಜರಿನಲ್ಲಿದ್ದ ಕಾಫಿಪುಡಿ ಹೋದ ಬೇಸಗೆಯಲ್ಲಿ ಮೈಸೂರಿನಿಂದ ತಂದದ್ದು. ಹೊಸದನ್ನು ತರಬೇಕಿದ್ದ ಪ್ರಯಾಣ ರದ್ದಾಗಿತ್ತು. ಅಪ್ಪನಿಗೆ ಅದು ಹೊಳೆಯಲೇ ಇಲ್ಲ. ಅಮ್ಮ ಹೇಳಲೂ ಇಲ್ಲ. ಕೆಲಸ ಹೋದ ಗಂಡಸು ಏನೋ ಒಂದರಲ್ಲಿ ನಗುನಗುತ್ತಾ ಮುಳುಗಿದ್ದಾನಲ್ಲ, ಅಷ್ಟು ಸಾಕು ಎನಿಸಿತ್ತೋ ಏನೋ.

ಒಂದು ಸಲ ಮಾತ್ರ, "ಚರಟ ಚೆಲ್ಲಬೇಡಿ, ಕರಿಬೇವಿನ ಗಿಡಕ್ಕೆ ಹಾಕ್ತೀನಿ" ಎಂದಳು. ಚರಟ ಎಂದರೆ ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಒದ್ದೆ ಪುಡಿ. ಕಿಟಕಿಯ ಕೆಳಗಿನ ಕುಂಡದಲ್ಲಿ ಒಂದು ಬಡಕಲು ಕರಿಬೇವಿನ ಗಿಡ ಇತ್ತು. ನಾವು ಪ್ರತಿ ಪ್ರಯೋಗದ ಚರಟವನ್ನೂ ಒಂದು ಬಟ್ಟಲಿಗೆ ಬಗ್ಗಿಸಿ ಇಡತೊಡಗಿದೆವು. ಕುಂಡದ ಮಣ್ಣು ಮಾತ್ರ ಮೊದಲಿದ್ದ ಬಣ್ಣದಲ್ಲೇ ಇತ್ತು. ಎಲ್ಲವನ್ನೂ ಬರೆದಿಡುವ ನಾನು ಅದನ್ನು ಗಮನಿಸಲಿಲ್ಲ.

ಗಮನಿಸಿದ್ದು ಇನ್ನೊಂದನ್ನು. ಫ್ರಿಜ್ಜಿನ ಬಾಗಿಲಿನಲ್ಲಿ, ಕೆಚಪ್ಪಿನ ಹಿಂದೆ, ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಇರುತ್ತಿತ್ತು. ಒಳಗೆ ತೆಳ್ಳನೆಯ ಕಂದು ನೀರು. ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಅಮ್ಮ ಸಿಂಕಿನ ಪಕ್ಕ ನಿಂತು ಅದನ್ನು ಲೋಟಕ್ಕೆ ಬಗ್ಗಿಸಿ, ಬಿಸಿಹಾಲು ಬೆರೆಸಿ, ನಿಂತ ಹಾಗೇ ಕುಡಿಯುವಳು.

"ಅಮ್ಮಾ, ವೈ ಇಸ್ ಯುವರ್ಸ್ ಸೋ ಲೈಟ್?"

"ನಂಗೆ ಹೀಗೇ ಇಷ್ಟ ಕಣೆ. ಸ್ಟ್ರಾಂಗ್ ಕುಡಿದ್ರೆ ಆಸಿಡಿಟಿ."

ನಾನು ನಂಬಿದೆ. ಅವರವರ ಕಾಫಿ ಅವರವರಿಗೆ.

ಕ್ರಿಸ್‌ಮಸ್ ರಜೆ ಮುಗಿಯುವ ಹೊತ್ತಿಗೆ ನಮ್ಮ ವಿಧಾನ ಸಿದ್ಧವಾಗಿತ್ತು. ಅದನ್ನು ಇಲ್ಲೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಫಿಲ್ಟರಿನ ಖಾಲಿ ಮೇಲ್ಪಾತ್ರೆಯನ್ನು ಒಲೆಯ ಮೇಲೆ ಒಂದು ಕ್ಷಣ ಬೆಚ್ಚಗೆ ಮಾಡಿಕೊಳ್ಳಬೇಕು. ಪುಡಿ ಹಾಕಿ ತಟ್ಟಬೇಕು, ಒತ್ತಬಾರದು. ಬಿಲ್ಲೆಯನ್ನು ಸುಮ್ಮನೆ ಇಡಬೇಕು. ನೀರು ಕುದಿದು, ಗುಳ್ಳೆ ಅಡಗಿದ ಮೇಲೆ, ಮೊದಲು ಎರಡೇ ಎರಡು ಚಮಚ ಹಾಕಿ ಪುಡಿಯನ್ನು ಒದ್ದೆ ಮಾಡಿ ಕಾಯಬೇಕು. ತಾಜಾ ಪುಡಿಯಾದರೆ ಆಗ ಹುದುಗು ಬಂದ ಹಿಟ್ಟಿನ ಹಾಗೆ ಉಸಿರೆಳೆದು ಉಬ್ಬುತ್ತದೆ, ಬಿಲ್ಲೆಯನ್ನೂ ಚೂರು ಮೇಲೆತ್ತುತ್ತದೆ. ಅದನ್ನು ನೋಡಲು ನಾನೂ ಅಪ್ಪನೂ ತಲೆಗೆ ತಲೆ ತಾಗಿಸಿ ಬಗ್ಗುತ್ತಿದ್ದೆವು. ಉಬ್ಬಿ ಇಳಿದ ಮೇಲೆ ಉಳಿದ ನೀರನ್ನು ಸಣ್ಣಗೆ, ಸುತ್ತಲೂ ಹಾಕಿ, ಮುಚ್ಚಿ ಮರೆತುಬಿಡಬೇಕು. ಇಣುಕಬಾರದು. ಹಾಲು ಒಂದೇ ಸಲ ಉಕ್ಕಬೇಕು. ಬೆರೆಸಿದ ಕಾಫಿಯನ್ನು ಮತ್ತೆ ಕಾಯಿಸಲೇಬಾರದು. "ಮತ್ತೆ ಕಾಯಿಸಿದ ಕಾಫಿ ಕುಡಿಯೋದಕ್ಕಿಂತ ಉಪವಾಸ ಇರೋದು ವಾಸಿ," ಎನ್ನುವುದು ಅಪ್ಪನ ಕೊನೆಯ ನಿಯಮ.

ಆ ಕಾಫಿ ಅದ್ಭುತವಾಗಿತ್ತು ಎಂದು ಈಗಲೂ ಹೇಳಬಲ್ಲೆ. ಅಪ್ಪನಿಗೆ ಅದನ್ನು ಯಾರಿಗಾದರೂ ತೋರಿಸಬೇಕಿತ್ತು. ಜನವರಿಯ ಒಂದು ಶನಿವಾರ, ಹಿಮ ಬೀಳುತ್ತಿದ್ದ ಸಂಜೆ, ಜಯಂತಿ ಆಂಟಿಗಾಗಿ ಪರೀಕ್ಷೆ ಏರ್ಪಾಡಾಯಿತು. ಅಪ್ಪನಿಗೂ ಆಂಟಿಗೂ ಮೂರು ಮೂರು ಲೋಟ, ಯಾವುದರಲ್ಲಿ ಏನಿದೆಯೆಂದು ನನ್ನೊಬ್ಬಳಿಗೇ ಗೊತ್ತು. ಒಂದರಲ್ಲಿ ನಮ್ಮ ಹೊಸ ವಿಧಾನದ ಕಾಫಿ. ಒಂದರಲ್ಲಿ ಅದೇ ವಿಧಾನದಲ್ಲಿ ಮಾಡಿದ ಸೂಪರ್ ಮಾರ್ಕೆಟ್ ಡಬ್ಬದ ಪುಡಿಯ ಕಾಫಿ.

"ಮೂರನೇದು ಕಂಟ್ರೋಲ್," ಎಂದರು ಅಪ್ಪ. "ಅಂದ್ರೆ ಮನೇಲಿ ದಿನಾ ಇರುತ್ತಲ್ಲ, ಆ ಕಾಫಿ. ಅದಿದ್ರೇನೇ ನಾವು ಎಷ್ಟು ಇಂಪ್ರೂವ್ ಮಾಡಿದೀವಿ ಅಂತ ಗೊತ್ತಾಗೋದು."

ಅವರ ಮನಸ್ಸಿನಲ್ಲಿದ್ದುದು ಅಮ್ಮ ಹಿಂದಿನಿಂದ ಮಾಡುತ್ತಿದ್ದ ಕಾಫಿ. ನಾನು ಯೋಚಿಸಿದೆ. ದಿನಾ ಒಂದೇ ರೀತಿಯ ಕಾಫಿ ಕುಡಿಯುವವರು ಮನೆಯಲ್ಲಿ ಒಬ್ಬರೇ. ಫ್ರಿಜ್ಜಿನ ಬಾಗಿಲು ತೆರೆದು ಉಪ್ಪಿನಕಾಯಿ ಬಾಟಲಿಯನ್ನು ತೆಗೆದುಕೊಂಡೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆಂಟಿ ಬೂಟಿನ ಹಿಮ ಕೊಡವುತ್ತಾ ಬಂದರು. ಅವರಿಗೆ ಪ್ರೀತಿಯೆಂದು ಅಮ್ಮ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಅಡುಗೆಮನೆಗೂ ನಡುಮನೆಗೂ ಮಧ್ಯೆ ಒಂದು ಕಟ್ಟೆ ಮಾತ್ರ. ಅಪ್ಪ ತಮ್ಮ ಮಫ್ಲರಿನಿಂದ ಕಣ್ಣಿಗೆ ಕಟ್ಟಿಸಿಕೊಂಡು ಮಹಾರಾಜನ ಹಾಗೆ ಕೂತಿದ್ದರು.

"ಇದೇನ್ರಿ ಸಾಹೇಬ್ರ, ಕಣ್ಣ ಕಟ್ಟಿ ಕಾಫಿ ಕುಡಸ್ಲಿಕ್ಕತ್ತೀರಿ? ವಿಷ ಗಿಷ ಹಾಕೀರೇನ್ ಮತ್ತ?"

"ಹಾಕಿದ್ರೂ ರುಚಿಯಾಗಿರುತ್ತೆ ಜಯಂತಿಯವರೇ, ಅದು ಗ್ಯಾರಂಟಿ."

"ನನಗ ಕಟ್ಟಬ್ಯಾಡವಾ ಅನು. ನಾ ಕಣ್ಣ ಮುಚ್ಕೊಂಡ ಕೂಡ್ತೀನಿ. ಖರೇನ ಮುಚ್ಚತೀನಿ, ಆಣಿ."

ಮೊದಲ ಲೋಟಕ್ಕೆ ಇಬ್ಬರೂ ಹೋ ಎಂದರು. ಅಪ್ಪ ಒಂಬತ್ತೂವರೆ ಕೊಟ್ಟರು. ಆಂಟಿ, "ಭಾಳ ಚೊಲೊ ಅದರಿ, ಹನ್ನೊಂದ ಕೊಡ್ಲಿಕ್ಕೆ ಬರ್ತದೇನವಾ?" ಎಂದರು. ಎರಡನೆಯದಕ್ಕೆ ಇಬ್ಬರೂ ಆರು. ಡಬ್ಬದ ಪುಡಿಯೆಂದು ಅಪ್ಪ ಕಂಡುಹಿಡಿದುಬಿಟ್ಟರು, ತೊಡೆ ತಟ್ಟಿಕೊಂಡು ನಕ್ಕರು. ಕಟ್ಟೆಯಾಚೆ ಅಮ್ಮನೂ ನಗುತ್ತಿದ್ದಳು.

ಆಮೇಲೆ ಅವಳು ಹಾಲಿಗೆಂದು ಫ್ರಿಜ್ ತೆರೆದಿರಬೇಕು.

"ಅನೂ, ಇಲ್ಲಿದ್ದ ಬಾಟ್ಲು ಎಲ್ಲಿ?"

"ಐ ನೀಡೆಡ್ ಇಟ್," ಎಂದೆ, ಮೂರನೆಯ ಲೋಟವನ್ನು ಆಂಟಿಯ ಕೈಗೆ ಕೊಡುತ್ತಾ.

"ಸಾಕು ಬಿಡ್ರೀ ಆಟ," ಎಂದಳು ಅಮ್ಮ, ತಟ್ಟನೆ ಜೋರಾಗಿ. "ಬಜ್ಜಿ ಆರತ್ತೆ. ಬನ್ನಿ ಜಯಂತಿ, ತಿಂದುಬಿಡಿ ಮೊದಲು."

"ತಡಿಯೇ, ಕೊನೇದು," ಎಂದರು ಅಪ್ಪ.

ಆಂಟಿ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದು ಕಣ್ಣು ತೆರೆದರು. ಅವರು ಲೋಟವನ್ನು ನೋಡಲಿಲ್ಲ, ಅಡುಗೆಮನೆಯ ಕಡೆ ನೋಡಿದರು. ಅಮ್ಮ ಜಾಲರಿ ಸೌಟು ಹಿಡಿದು ಅಲುಗದೆ ನಿಂತಿದ್ದಳು.

"ಇದೂ ಚೊಲೋನ ಅದರಿ," ಎಂದರು ಆಂಟಿ ಮೆಲ್ಲಗೆ.

ಅಪ್ಪನಿಗೆ ಇದೇನೂ ಕಾಣಿಸುತ್ತಿರಲಿಲ್ಲ. ತಮ್ಮ ಲೋಟದಿಂದ ಕುಡಿದು ಮುಖ ಕಿವುಚಿದರು. "ಚೊಲೋನಾ? ಜಯಂತಿಯವರೇ, ನಿಮ್ಮ ನಾಲಿಗೆ ಇನ್ನೂ ಧಾರವಾಡದ ಚಹಾದಲ್ಲೇ ಇದೆ! ಇದು ಕಾಫಿನಾ? ಕಾಫಿ ಕುಡಿದ ಲೋಟ ತೊಳೆದ ನೀರು. ಅಲ್ಲ, ಇದನ್ನ ಮನುಷ್ಯರು ಕುಡೀತಾರಾ? ನಮ್ಮನೇಲಿ ಕೆಲಸಕ್ಕೆ ಬಂದವರಿಗೂ ಇಂಥದ್ದು ಕೊಡಬಾರದು. ಅನೂ, ಇದಕ್ಕೆ ಸೊನ್ನೆ. ದೊಡ್ಡ ಸೊನ್ನೆ. ಏನಮ್ಮ ಇದು?"

ಉತ್ತರ ಹೇಳುವುದು ನನ್ನ ಕೆಲಸವಾಗಿತ್ತು.

"ಕಂಟ್ರೋಲ್ ಅಪ್ಪ. ಅಮ್ಮ ದಿನಾ ಕುಡಿಯೋ ಕಾಫಿ."

ಅಪ್ಪ ಮಫ್ಲರನ್ನು ಕೆಳಗೆಳೆದುಕೊಂಡರು. ತುಟಿಯ ಮೇಲೆ ನಗು ಇನ್ನೂ ಇತ್ತು. ಅದನ್ನು ಎಲ್ಲಿಡುವುದೆಂದು ಅವರಿಗೆ ತಿಳಿಯಲಿಲ್ಲ. ಕರಿಬೇವಿನ ಕುಂಡದ ಕಡೆ ನೋಡಿದರು, ಸಿಂಕಿನ ಪಕ್ಕದ ಚರಟದ ಬಟ್ಟಲಿನ ಕಡೆ ನೋಡಿದರು. ನಾವು ಪುಡಿಗೆ ಒಂದು ಸಲ ನೀರು ಹಾಕಿ ಬಿಟ್ಟದ್ದನ್ನು ಅಮ್ಮ ಮತ್ತೊಂದು ಸಲ ಹಾಕಿ ತೆಗೆದು, ಅದನ್ನು ಮಧ್ಯಾಹ್ನ ಅಪ್ಪನಿಗೇ ಕೊಟ್ಟು, ಆಮೇಲೆ ಮೂರನೆಯ ಸಲ ಹಾಕಿ ಇಳಿದದ್ದನ್ನು ತನಗೆಂದು ಬಾಟಲಿಯಲ್ಲಿ ಇಡುತ್ತಿದ್ದಳು. ಇದೆಲ್ಲ ಅವರಿಗೆ ಆ ಕ್ಷಣದಲ್ಲಿ ಅರ್ಥವಾಯಿತೆಂದು ಕಾಣುತ್ತದೆ. ನನಗೆ ಅರ್ಥವಾಗಿದ್ದು ಅವರ ಮುಖ ನೋಡಿ.

ಬಜ್ಜಿ ಸೀದ ವಾಸನೆ ಬಂತು. ಆಂಟಿ ಎದ್ದು ಹೋಗಿ ಒಲೆ ಆರಿಸಿದರು. ಅಮ್ಮನ ಕೈಯಿಂದ ಜಾಲರಿ ಸೌಟು ತೆಗೆದಿಟ್ಟರು.

"ಶೈಲಾ, ಸಾಹೇಬ್ರ ಕೆಲಸ ಯಾವಾಗ ಹೋತ್ರಿ?"

ಆಂಟಿ ಅಮ್ಮನ ಕೈ ಹಿಡಿದುಕೊಂಡರು.

"ವರ್ಕ್ ಫ್ರಮ್ ಹೋಮ್ ಅಂದ್ರಿ, ನಾ ನಂಬೀನಿ. ಅಯ್ಯೋ ಪಾಪ, ನನ್ನ ಮುಂದ ಒಂದ್ ಮಾತು ಹೇಳಬಾರದಿತ್ತೇನ್ರಿ?"

ಅಮ್ಮ ತನ್ನ ಕೈಯನ್ನು ಅವರ ಕೈಯಿಂದ ಬಿಡಿಸಿಕೊಂಡು ಪ್ಲೇಟು ತೆಗೆದುಕೊಂಡಳು. "ಬಜ್ಜಿ ತಗೊಳ್ಳಿ ಜಯಂತಿ. ಮೇಲಿನವು ಸೀದಿಲ್ಲ."

ನಾಲ್ವರೂ ಕೂತು ತಿಂದೆವು. ಆಂಟಿ ಹಿಮದ ಬಗ್ಗೆ ಏನೇನೋ ಮಾತಾಡಿದರು. ಹೊರಡುವ ಮುಂಚೆ ಮೇಜಿನ ಮೇಲಿದ್ದ ತಮ್ಮ ಮೂರನೆಯ ಲೋಟವನ್ನು ಎತ್ತಿಕೊಂಡು, ಆರಿಹೋಗಿದ್ದ ಆ ಕಾಫಿಯನ್ನು ತಳ ಕಾಣುವವರೆಗೂ ಕುಡಿದರು. ಅದು ಪ್ರೀತಿಯೆಂದು ಇಂದು ನನಗೆ ಗೊತ್ತು. ಅಂದು ನೋಡಿದ್ದು ಅಮ್ಮನ ಮುಖ ಮಾತ್ರ. ಎರಡನೆಯದನ್ನೂ ಬಂದವರಿಗೆ ಕೊಡದ ಮನೆಯಲ್ಲಿ, ಅವಳ ಕಣ್ಣೆದುರಿಗೇ, ಬಂದವರು ಮೂರನೇ ನೀರು ಕುಡಿದು ಎದ್ದರು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ಆ ಶನಿವಾರದ ಪುಟದಲ್ಲಿ ಮೂರನೆಯ ಲೋಟದ ಮುಂದೆ ನಾನು ಅಂಕ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಟಪ್ ಟಪ್ ಸದ್ದು ಬೇರೆ ರೀತಿಯಲ್ಲಿ ಕೇಳಿಸಿತು. ಎದ್ದು ಹೋಗಿ ನೋಡಿದರೆ ಫಿಲ್ಟರ್ ತಟ್ಟುತ್ತಿದ್ದವರು ಅಪ್ಪ. ನಿಯಮಗಳನ್ನೆಲ್ಲ ಪಾಲಿಸಿ ಕಾಫಿ ಮಾಡಿ, ಅಮ್ಮನ ಲೋಟಕ್ಕೇ ಹಾಕಿ ಕೊಟ್ಟರು.

"ಇದು ಮೊದಲನೇದು. ಕುಡಿ."

"ನಂಗೆ ಆಸಿಡಿಟಿ."

"ನಿಂಗೆ ಆಸಿಡಿಟಿ ಯಾವಾಗಿಂದ ಶೈಲಾ?"

"ಅಕ್ಟೋಬರಿಂದ."

ಅಮ್ಮ ಆ ಕಾಫಿಯನ್ನು ಪಾತ್ರೆಗೆ ಸುರಿದಳು, ಮತ್ತೆ ಕಾಯಿಸಿದಳು, ಅಪ್ಪನ ಲೋಟಕ್ಕೆ ಹಾಕಿ ಅವರ ಮುಂದಿಟ್ಟಳು. ಅಪ್ಪ ಅದನ್ನೇ ಕುಡಿದರು. ಆ ಬೆಳಗಿನ ನಂತರ ನಮ್ಮ ಪ್ರಯೋಗಗಳು ನಡೆಯಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ನಾನೇ ತಡೆಯಲಾರದೆ, "ಆರ್ ಯು ಮ್ಯಾಡ್ ಅಟ್ ಮೀ?" ಎಂದು ಕೇಳಿದೆ.

"ಯಾಕೆ? ಕೇಳಿದರು, ನೀನು ಹೇಳಿದೆ," ಎಂದಳು ಅಮ್ಮ. ಉಪ್ಪಿನಕಾಯಿ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಅದಕ್ಕೆ ಕಡಲೆಬೇಳೆ ತುಂಬುತ್ತಿದ್ದಳು.

ಮುಂದಿನ ಶನಿವಾರ ಆಂಟಿ ಬಂದಾಗ ಕೈಯಲ್ಲಿ ಒಂದು ದೊಡ್ಡ ಪೊಟ್ಟಣವಿತ್ತು. ಮ್ಯಾನ್‌ಹಟನ್ನಿನಾಚೆ, ಭಾರತೀಯ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸಿನವರೆಗೂ ಹೋಗಿ, ಎಪ್ಪತ್ನಾಲ್ಕನೇ ಬೀದಿಯ ಅಂಗಡಿಯಿಂದ ತಂದ ಕಾಫಿಪುಡಿ. "ಅಲ್ಲಿಗೆ ಹೆಂಗೂ ಹೋಗಿದ್ನಿರಿ, ಸೀರಿ ಫಾಲ್ ಹಚ್ಚಲಿಕ್ಕೆ ಕೊಟ್ಟಿದ್ದೆ" ಎಂದರು. ಸೀರೆ ಮಾತ್ರ ಎಲ್ಲೂ ಕಾಣಲಿಲ್ಲ. "ಇದೆಲ್ಲ ಯಾಕೆ ಜಯಂತಿ" ಎಂದು ಅಮ್ಮ ಎರಡೂ ಕೈಯಿಂದ ತೆಗೆದುಕೊಂಡು, ಫ್ರೀಜರಿನಲ್ಲಿ ಬಟಾಣಿಯ ಹಿಂದೆ ಇಟ್ಟಳು.

ಆಂಟಿ ಎಂದಿನ ಹಾಗೆ ಕೂಗಿರಲಿಲ್ಲ. ಕೂತ ಮೇಲೆ, ಸಣ್ಣ ದನಿಯಲ್ಲಿ, "ಡಿಕಾಕ್ಷನ್ ಅದ ಏನ್ರಿ?" ಎಂದರು.

"ಇವತ್ತು ನಿಮಗೆ ಚಹಾ ಮಾಡ್ತೀನಿ," ಎಂದಳು ಅಮ್ಮ. "ನೀವು ಧಾರವಾಡದವರು. ನಾನೇ ಸುಮ್ನೆ ಇಷ್ಟು ದಿನ ಬಲವಂತ ಮಾಡಿ ಕಾಫಿ ಕುಡಿಸಿದೆ."

ಶುಂಠಿ ಜಜ್ಜಿ ಹಾಕಿದ ಚಹಾ. ಸ್ಟೀಲ್ ಲೋಟ ಬಿಟ್ಟು, ಗಾಜಿನ ಬೀರುವಿನಲ್ಲಿದ್ದ ಪಿಂಗಾಣಿ ಕಪ್ಪು ಬಸಿಗಳನ್ನು ಹೊರತೆಗೆದಿದ್ದಳು. ಆಂಟಿ ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟರು.

"ಚಹಾ ಚೊಲೊ ಆಗೇದ್ರಿ," ಎಂದರು.

ಆಮೇಲೆ ಅವರು ಬಂದಾಗಲೆಲ್ಲ ಚಹಾ. ಬರುವುದು ಹದಿನೈದು ದಿನಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು, ಫೋನಿಗಿಳಿಯಿತು. ಬೇಸಗೆಯಲ್ಲಿ ಅಪ್ಪನಿಗೆ ಬ್ರಿಡ್ಜ್‌ವಾಟರಿನ ಒಂದು ಔಷಧ ಕಂಪನಿಯಲ್ಲಿ, ಮೊದಲಿನದಕ್ಕಿಂತ ಸಣ್ಣ ಕೆಲಸ ಸಿಕ್ಕಿತು. ಅಮ್ಮ ಕಾರು ಕಲಿತಳು. ದೇವಸ್ಥಾನಕ್ಕೆ ಮತ್ತೆ ಹೋಗತೊಡಗಿದೆವು. ಮೈಸೂರಿನಿಂದ ಪುಡಿ ಮತ್ತೆ ಬಂತು. ಎಲ್ಲವೂ ಸರಿಹೋಯಿತೆಂದು ಯಾರಾದರೂ ಹೇಳಬಹುದಿತ್ತು.

ಮರುವರ್ಷ ಆಂಟಿಯ ಗಂಡನಿಗೆ ಟೆಕ್ಸಸ್ಸಿನಲ್ಲಿ ಕೆಲಸವಾಯಿತು. ಹೊರಡುವ ಹಿಂದಿನ ದಿನ ಬಂದಿದ್ದರು. ಅಮ್ಮ ಕುಂಕುಮ ಇಟ್ಟು, ತೆಂಗಿನಕಾಯಿ, ರವಿಕೆ ಕಣ ಕೊಟ್ಟಳು. ಆಂಟಿ ಬಾಗಿಲವರೆಗೆ ಹೋದವರು ನಿಂತರು.

"ಹೋಗೂದಕ್ಕ ಮುಂಚೆ ಒಮ್ಮೆ ನಿಮ್ಮ ಕೈಯಾಗಿನ ಡಿಕಾಕ್ಷನ್ ಕಾಫಿ ಕುಡಸ್ತೀರೇನ್ರಿ, ಶೈಲಾ?"

"ಹಾಲು ಮುಗಿದುಹೋಗಿದೆ ಜಯಂತಿ," ಎಂದಳು ಅಮ್ಮ.

ಹಿಂದಿನ ಸಂಜೆಯಷ್ಟೇ ತಂದ ಒಂದು ಗ್ಯಾಲನ್ ಹಾಲು ಫ್ರಿಜ್ಜಿನಲ್ಲಿತ್ತು. ಆಂಟಿ ನನ್ನ ಕಡೆ ನೋಡಿದರು. ಅದೊಂದು ಸಲ ನಾನು ಗೊತ್ತಿದ್ದ ಉತ್ತರವನ್ನು ಹೇಳಲಿಲ್ಲ. ಹೇಳಬೇಕಿದ್ದ ಸಲ ಅದೇ ಆಗಿತ್ತೇನೋ.

ಈಗ ನಾನು ಮ್ಯಾನ್‌ಹಟನ್ನಿನ ಒಂದು ಗೂಡಿನಂಥ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಬಂದ ಗೆಳೆಯರು ನನ್ನ ಕಾಫಿ ಕುಡಿದು, ಯಾವ ಮಷೀನು ಎಂದು ಕೇಳುತ್ತಾರೆ. ಅಮ್ಮನದರಂಥದೇ ಒಂದು ಸ್ಟೀಲ್ ಫಿಲ್ಟರ್ ತೋರಿಸುತ್ತೇನೆ. ಪಾತ್ರೆ ಬೆಚ್ಚಗೆ ಮಾಡಬೇಕು, ಒತ್ತಬಾರದು, ಒದ್ದೆ ಮಾಡಿ ಕಾಯಬೇಕು ಎಂದು ಹೇಳಿಕೊಡುತ್ತೇನೆ. ಯಾವಾಗ ಕಲಿತೆ ಎಂದು ಕೇಳಿದರೆ ಮುಖ ಬಿಸಿಯಾಗುತ್ತದೆ, ಮಾತು ಬದಲಿಸುತ್ತೇನೆ.

ಹೋದ ವರ್ಷ ಅಪ್ಪ ಅಮ್ಮ ಆ ಮನೆ ಬಿಟ್ಟು ಬೇರೆಡೆಗೆ ಹೋದರು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಫ್ರೀಜರ್ ಖಾಲಿ ಮಾಡುವಾಗ ತಳದಲ್ಲಿ ಜಯಂತಿ ಆಂಟಿಯ ಪೊಟ್ಟಣ ಸಿಕ್ಕಿತು. ಒಡೆದಿರಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿ, ಮೇಲೆಲ್ಲ ಮಂಜು ಕಟ್ಟಿತ್ತು.

"ಎಸೀಲಾ ಅಮ್ಮ?"

ಅಮ್ಮ ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. "ಒಂದ್ ಸಲ ಹಾಕಿ ನೋಡು."

ಹಾಕಿದೆ. ಪಾತ್ರೆ ಬೆಚ್ಚಗೆ ಮಾಡಿದೆ, ತಟ್ಟಿದೆ, ಎರಡು ಚಮಚ ನೀರು ಹಾಕಿ ಬಗ್ಗಿ ನೋಡಿದೆ. ಪುಡಿ ಉಬ್ಬಲಿಲ್ಲ. ಕೆಸರಿನ ಹಾಗೆ ಸುಮ್ಮನೆ ಮಲಗಿತ್ತು. ಉಳಿದ ನೀರು ಹಾಕಿದ್ದೇ ಸರಸರನೆ ಇಳಿದುಹೋಯಿತು. ಇಳಿದದ್ದಕ್ಕೆ ಬಣ್ಣವಿತ್ತು, ವಾಸನೆ ಇರಲಿಲ್ಲ. ಹಾಲು ಬೆರೆಸಿದರೆ ಆ ಉಪ್ಪಿನಕಾಯಿ ಬಾಟಲಿಯ ಕಾಫಿಯ ಬಣ್ಣವೇ ಬಂತು.

ಅಮ್ಮ ಸಿಂಕಿನ ಪಕ್ಕ ನಿಂತು, ನಿಂತ ಹಾಗೇ, ಅದನ್ನು ಪೂರ್ತಿ ಕುಡಿದಳು.

"ಇದೂ ಚೊಲೋನ ಅದರಿ," ಎಂದಳು. ಆ ದನಿ ಅವಳ ಬಾಯಲ್ಲಿ ಸರಿಯಾಗಿ ಕೂರಲಿಲ್ಲ. ಆ ಮನೆಯ ಬಾಗಿಲಾಚೆಯಿಂದ ಡಿಕಾಕ್ಷನ್ ಅದ ಏನ್ರಿ ಎಂದು ಯಾರಾದರೂ ಕೂಗಿ ಹದಿಮೂರು ವರ್ಷಗಳ ಮೇಲಾಗಿತ್ತು. ಈಗ ಬರುವವರೆಲ್ಲ ಮೊದಲೇ ಮೆಸೇಜ್ ಮಾಡಿ ಬರುತ್ತಾರೆ, ಏನಾದರೂ ಕುಡಿಯುತ್ತೀರಾ ಎಂದರೆ ನೀರು ಸಾಕು ಎನ್ನುತ್ತಾರೆ.

"ನಂಬರ್ ಹುಡುಕ್ಲಾ ಅಮ್ಮ? ಫೋನ್ ಮಾಡೋಣ."

ಅಮ್ಮ ಲೋಟ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

"ಮಾಡಿ ಏನಂತ ಹೇಳೋದು?"

ಅವಳು ಪೊಟ್ಟಣದ ಬಾಯಿಯನ್ನು ಎರಡು ಮಡಿಕೆ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಹೊಸ ಮನೆಗೆ ಹೋಗುವ ಡಬ್ಬದಲ್ಲಿ, ಫಿಲ್ಟರಿನ ಪಕ್ಕದಲ್ಲಿ ಇಟ್ಟಳು.